ಓಡುತ್ತಿರುವ ಚಿತ್ರದ ಕೋಡ್ ತಿದ್ದಬೇಕೆ? ಹೈಡ್ರಾ, ಪಿ5, ಶೇಡರ್, ಟಚ್‌ಡಿಸೈನರ್: ಯಾವುದು ಯಾರಿಗೆ

ಗೆಳೆಯ ತಬಲಾ ನುಡಿಸುತ್ತಿದ್ದ. ಅವನ ಹಿಂದಿನ ಗೋಡೆಯ ಮೇಲೆ ನನ್ನ ಲ್ಯಾಪ್‌ಟಾಪಿನಿಂದ 3000 ಚುಕ್ಕಿಗಳು ಹಕ್ಕಿಗಳ ಹಾಗೆ ಹಾರುತ್ತಿದ್ದವು. ಇಪ್ಪತ್ತು ನಿಮಿಷ ಸುತ್ತಿ ಸುತ್ತಿ ಅವು ತಾವಾಗಿಯೇ ಮೂರು ಗುಂಪಾಗಿದ್ದವು. ನೋಡುವವರಿಗೂ ಆ ಗುಂಪುಗಳ ಗುರುತು ಹತ್ತಿತ್ತು. ಒಂದು ಗುಂಪು ಇನ್ನೊಂದರ ಹತ್ತಿರ ಬಂದರೆ ಸಾಕು, ಎಲ್ಲರೂ ಅತ್ತಲೇ ನೋಡುತ್ತಿದ್ದರು. ಬಣ್ಣ ಸ್ವಲ್ಪ ಕೆಂಪಾದರೆ ಚೆನ್ನ ಅನ್ನಿಸಿತು. ಒಂದು ಸಂಖ್ಯೆ ತಿದ್ದಿ ರನ್ ಒತ್ತಿದೆ. ಗೋಡೆ ಒಂದು ಕ್ಷಣ ಬೆಳ್ಳಗಾಯಿತು. ಬಣ್ಣವೇನೋ ಬದಲಾಗಿತ್ತು. ಆದರೆ ಹಕ್ಕಿಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಮೊದಲ ಜಾಗಕ್ಕೆ ಹೋಗಿದ್ದವು. ಮೂರು ಗುಂಪು ಇರಲಿಲ್ಲ.

ಆವತ್ತಿನಿಂದ ಲೈವ್ ಕೋಡಿಂಗಿಗೆ ಯಾವ ಸಾಧನ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ಎರಡು ಪ್ರಶ್ನೆ ಮುಂದಿಡುತ್ತೇನೆ. ಕೋಡ್ ಬದಲಿಸಿದಾಗ ಅಲ್ಲಿಯವರೆಗೆ ಓಡಿದ್ದು ಉಳಿಯುತ್ತದೆಯೇ? ತಪ್ಪು ಕೋಡ್ ಬರೆದರೆ ಪರದೆ ಏನಾಗುತ್ತದೆ? ಬಣ್ಣ ಎಷ್ಟು, ಎಫೆಕ್ಟ್ ಎಷ್ಟು, ಭಾಷೆ ಯಾವುದು ಎಂಬುದೆಲ್ಲ ಆಮೇಲೆ. ಕುದಿಯುತ್ತಿರುವ ಸಾರಿಗೆ ಉಪ್ಪು ಸಾಲದಿದ್ದರೆ ಅಲ್ಲೇ ಒಂದು ಚಿಟಿಕೆ ಹಾಕುತ್ತೇವೆ. ಕೆಲವು ಸಾಧನಗಳು ಉಪ್ಪು ಹಾಕಬೇಕಾದರೂ ಪಾತ್ರೆ ಖಾಲಿ ಮಾಡಿ, ಬೇಳೆ ತೊಳೆಯುವುದರಿಂದ ಶುರು ಮಾಡುತ್ತವೆ. ಮನೆಯಲ್ಲಿ ಒಬ್ಬರೇ ಕೂತು ಕಲಿಯುವಾಗ ಅದು ಅಷ್ಟು ಗೊತ್ತಾಗುವುದಿಲ್ಲ. ಎದುರಿಗೆ ಜನ ಕೂತಿರುವಾಗ ಗೊತ್ತಾಗುತ್ತದೆ.

ಹೊಸಬರಿಗಾಗಿ ಎರಡು ಮಾತು. ಪ್ರೋಗ್ರಾಂ ಓಡುತ್ತಿರುವಾಗಲೇ ಅದರ ಕೋಡ್ ತಿದ್ದುತ್ತಾ ಸಂಗೀತವನ್ನೋ ಚಿತ್ರವನ್ನೋ ಕಟ್ಟುವುದು ಲೈವ್ ಕೋಡಿಂಗ್. ಇದನ್ನು ಮಾಡುವವರು 2004ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸೇರಿ ಟಾಪ್‌ಲ್ಯಾಪ್ ಎಂಬ ಬಳಗ ಕಟ್ಟಿಕೊಂಡರು. ನಿಮ್ಮ ಪರದೆಯನ್ನು ಜನರಿಗೆ ತೋರಿಸಿ ಎನ್ನುವುದು ಅವರ ಮುಖ್ಯ ಆಗ್ರಹ. ಹಾಗಾಗಿ ಇಲ್ಲಿ ಚಿತ್ರದ ಮೇಲೆಯೇ ಕೋಡ್ ಕಾಣುತ್ತದೆ. ನಿಮ್ಮ ಬೆರಳು ಏನು ಮಾಡುತ್ತಿದೆ ಎಂದು ನೋಡುವವರು ಓದಬಹುದು.

ಹೈಡ್ರಾ: ಇವತ್ತೇ ಶುರು ಮಾಡಬೇಕು ಅನ್ನುವವರಿಗೆ

ಒಲಿವಿಯಾ ಜಾಕ್ ಕಟ್ಟಿದ ಹೈಡ್ರಾ ಬ್ರೌಸರ್‌ನಲ್ಲೇ ಓಡುತ್ತದೆ. ಇನ್‌ಸ್ಟಾಲ್ ಮಾಡುವುದು ಏನೂ ಇಲ್ಲ, ದುಡ್ಡೂ ಇಲ್ಲ. ಹಳೆಯ ಕಾಲದ ಅನಲಾಗ್ ವಿಡಿಯೊ ಸಿಂಥಸೈಜರ್‌ಗಳಲ್ಲಿ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ವೈರ್ ಎಳೆದು ಚಿತ್ರ ಮಾಡುತ್ತಿದ್ದರು. ಹೈಡ್ರಾದಲ್ಲಿ ಆ ವೈರ್ ಜಾಗಕ್ಕೆ ಚುಕ್ಕೆ ಬಂದಿದೆ. ಮೊದಲು ಒಂದು ಮೂಲ, ಚುಕ್ಕೆ, ಅದಕ್ಕೊಂದು ಬದಲಾವಣೆ, ಚುಕ್ಕೆ, ಇನ್ನೊಂದು ಬದಲಾವಣೆ, ಕೊನೆಗೆ ಔಟ್.

ಮಾಡಿಯೇ ನೋಡಿ. ಆಸಿಲೇಟರ್ (osc) ಎಂಬ ಮೂಲವನ್ನು ಕರೆದು ಆವರಣದಲ್ಲಿ 10 ಕೊಟ್ಟು ಔಟ್‌ಗೆ ಕಳಿಸಿದರೆ ಚಾಪೆಯ ಪಟ್ಟಿಗಳ ಹಾಗೆ ಉದ್ದುದ್ದ ಗೆರೆಗಳು ಪಕ್ಕಕ್ಕೆ ಸರಿಯುತ್ತವೆ. ನಡುವೆ ಕೆಲೈಡ್ (kaleid) ಸೇರಿಸಿ 6 ಕೊಡಿ, ಕಂಟ್ರೋಲ್, ಶಿಫ್ಟ್, ಎಂಟರ್ ಒತ್ತಿ. ಅದೇ ಪಟ್ಟಿಗಳು ಮಡಚಿಕೊಂಡು ಆರು ಮೂಲೆಯ ರಂಗೋಲಿ ಆಗುತ್ತವೆ. 6 ಅಳಿಸಿ 60 ಬರೆದರೆ ಮೂಲೆಗಳೆಲ್ಲ ಕರಗಿ ವೃತ್ತ. ಒಂದು ಸೊನ್ನೆಗೆ ಇಷ್ಟು ಬದಲಾವಣೆ. ಎಂಟು ವರ್ಷದ ಮಕ್ಕಳೂ ಹತ್ತು ನಿಮಿಷದಲ್ಲಿ ಸಂಖ್ಯೆ ತಿದ್ದಿ ಖುಷಿಪಡುವುದನ್ನು ನಾನು ನೋಡಿದ್ದೇನೆ.

ಈಗ ಆ ಎರಡು ಪ್ರಶ್ನೆ. ತಪ್ಪು ಬರೆದರೆ ಹೈಡ್ರಾ ಕೆಳಗೆ ಕೆಂಪು ಅಕ್ಷರದಲ್ಲಿ ತಪ್ಪು ತೋರಿಸುತ್ತದೆ, ಹಳೆಯ ಚಿತ್ರ ಓಡುತ್ತಲೇ ಇರುತ್ತದೆ. ಆವರಣ ಮುಚ್ಚುವುದು ಮರೆತರೂ ಪರದೆ ಕಪ್ಪಾಗುವುದಿಲ್ಲ. ವೇದಿಕೆಯ ಮೇಲೆ ಇದು ಎಂಥ ನೆಮ್ಮದಿ ಎನ್ನುವುದು ಕೈ ನಡುಗಿದವರಿಗೆ ಗೊತ್ತು.

ನೆನಪಿನ ವಿಷಯ ಇನ್ನೂ ಚೆನ್ನಾಗಿದೆ. ಹೈಡ್ರಾದ ಸಾಲುಗಳಿಗೆ ನೆನಪೇ ಇಲ್ಲ. ಅವು ಗಡಿಯಾರ ನೋಡಿ ಆ ಕ್ಷಣದ ಚಿತ್ರ ಬರೆಯುತ್ತವೆ, ಅಷ್ಟೇ. ಕಳೆದುಕೊಳ್ಳುವುದಕ್ಕೆ ಏನಾದರೂ ಇದ್ದರೆ ತಾನೇ? ಆದರೆ ಒಂದು ಕಡೆ ನೆನಪು ಇದೆ, ಅದು ಚಿತ್ರದಲ್ಲಿ. ಹೈಡ್ರಾಕ್ಕೆ ನಾಲ್ಕು ಔಟ್‌ಪುಟ್‌ಗಳಿವೆ. ಒಂದು ಔಟ್‌ಪುಟ್ ತನ್ನ ಹಿಂದಿನ ಚಿತ್ರವನ್ನೇ ಮೂಲವಾಗಿ ತೆಗೆದುಕೊಳ್ಳಬಹುದು. ಅದನ್ನು ನೂರಕ್ಕೆ ಒಂದರಷ್ಟು ಹಿಗ್ಗಿಸಿ, ಸ್ವಲ್ಪ ನಾಯ್ಸ್ ಬೆರೆಸಿ ಮತ್ತೆ ಅಲ್ಲಿಗೇ ಕಳಿಸಿ. ಹಳೆಯ ಬಣ್ಣಗಳು ಹೊಗೆಯ ಹಾಗೆ ಹೊರಕ್ಕೆ ಹರಿಯುತ್ತವೆ. ಈಗ ಕೋಡ್ ಪೂರ್ತಿ ಬೇರೆ ಬರೆದರೂ ಚಿತ್ರ ಫಟ್ಟನೆ ಬದಲಾಗುವುದಿಲ್ಲ. ಹಿಂದಿನದು ಕರಗುತ್ತಾ ಹೋಗುತ್ತದೆ, ಹೊಸದು ಅದರೊಳಗಿನಿಂದ ಬರುತ್ತದೆ. ಹೈಡ್ರಾದಲ್ಲಿ ನನಗೆ ಅತಿ ಇಷ್ಟವಾದದ್ದು ಇದು.

ಕೊರತೆ? ಆಕಾರಗಳ ಮೇಲೆ ಹಿಡಿತ ಕಡಿಮೆ. ಇಲ್ಲಿ ಒಂದು ಚುಕ್ಕಿ, ಅದು ಅಲ್ಲಿಗೆ ಹೋಗಿ ಗೋಡೆಗೆ ತಾಕಿ ತಿರುಗಲಿ ಎಂದು ಹೇಳಲು ಹೈಡ್ರಾ ಒಗ್ಗುವುದಿಲ್ಲ. ಎಲ್ಲರ ಚಿತ್ರವೂ ಸ್ವಲ್ಪ ಒಂದೇ ಥರ ಕಾಣುವ ಅಪಾಯವೂ ಇದೆ. ಕೋಡ್ ಉಳಿಸಿಕೊಳ್ಳುವುದು ಸುಲಭ: ಪೂರ್ತಿ ಕೋಡ್ ಓಡಿಸಿದಾಗ ಅದು ವೆಬ್ ವಿಳಾಸದ ಒಳಗೇ ಸೇರುತ್ತದೆ, ಆ ವಿಳಾಸವನ್ನು ಇಟ್ಟುಕೊಂಡರೆ ಆಯಿತು. ಒಂದೊಂದೇ ಸಾಲು ಓಡಿಸುತ್ತಾ ಬಂದವರು ಕೊನೆಗೊಮ್ಮೆ ಪೂರ್ತಿ ಓಡಿಸಿ ವಿಳಾಸ ತೆಗೆದುಕೊಳ್ಳಿ.

ಪಿ5: ನೆನಪಿರುವ ಚಿತ್ರ ಬೇಕೆನ್ನುವವರಿಗೆ

ನನ್ನ ಹಕ್ಕಿಗಳು ಪಿ5.ಜೆಎಸ್‌ನಲ್ಲಿ ಇದ್ದವು. 2001ರಲ್ಲಿ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಕೇಸಿ ರೀಸ್ ಮತ್ತು ಬೆನ್ ಫ್ರೈ ಶುರು ಮಾಡಿದ, ಕೋಡ್ ಬರೆದು ಚಿತ್ರ ಮಾಡುವ ಸಾಧನ ಪ್ರೊಸೆಸಿಂಗ್‌ನ ಜಾವಾಸ್ಕ್ರಿಪ್ಟ್ ರೂಪ ಇದು. ಪಿ5 ಅನ್ನು ಲಾರೆನ್ ಮೆಕಾರ್ಥಿ 2013ರಲ್ಲಿ ಆರಂಭಿಸಿದರು. ಕೋಡ್‌ನಲ್ಲಿ ಎರಡು ಭಾಗ. ಸೆಟಪ್ ಒಂದೇ ಸಲ ಓಡುತ್ತದೆ, ಡ್ರಾ ಪ್ರತಿ ಫ್ರೇಮಿಗೂ ಓಡುತ್ತದೆ. ಸೆಟಪ್‌ನಲ್ಲಿ ಹಕ್ಕಿಗಳನ್ನು ಹುಟ್ಟಿಸುತ್ತೀರಿ. ಡ್ರಾದಲ್ಲಿ ಅವನ್ನು ಒಂದೊಂದು ಹೆಜ್ಜೆ ನಡೆಸುತ್ತೀರಿ. ಪ್ರತಿ ಹಕ್ಕಿಗೂ ತಾನು ಎಲ್ಲಿದ್ದೇನೆ, ಎತ್ತ ಹೋಗುತ್ತಿದ್ದೇನೆ ಎಂಬ ನೆನಪು ಇರುತ್ತದೆ.

ಪಿ5ನ ಮಾಮೂಲಿ ವೆಬ್ ಎಡಿಟರ್‌ನಲ್ಲಿ ರನ್ ಒತ್ತಿದರೆ ಎಲ್ಲವೂ ಹೊಸದಾಗಿ ಶುರು. ಸೆಟಪ್ ಮತ್ತೆ ಓಡುತ್ತದೆ, ಹಕ್ಕಿಗಳು ಮತ್ತೆ ಹುಟ್ಟುತ್ತವೆ. ಅದರಲ್ಲಿ ಆಟೋ ರಿಫ್ರೆಶ್ ಎಂಬ ಟಿಕ್ ಇದೆ. ಅದನ್ನು ಹಾಕಿಕೊಂಡರೆ ಲೈವ್ ಕೋಡಿಂಗ್ ಆಯಿತು ಎಂದು ಹಲವರು ಅಂದುಕೊಳ್ಳುತ್ತಾರೆ. ಬಟನ್ ಒತ್ತುವ ಕೆಲಸ ತಪ್ಪಿತು, ಅಷ್ಟೇ. ಪಾತ್ರೆ ಖಾಲಿಯಾಗುವುದು ತಪ್ಪಲಿಲ್ಲ. ಕಲಿಯಲು ಆ ಎಡಿಟರ್ ತುಂಬಾ ಒಳ್ಳೆಯದು, ಆದರೆ ಜನರ ಮುಂದೆ ಬೇಡ.

ಜನರ ಮುಂದೆ ಬೇಕಾದರೆ ಪಿ5ಲೈವ್ ತೆಗೆದುಕೊಳ್ಳಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಪಾಠ ಮಾಡುವ ಟೆಡ್ ಡೇವಿಸ್ ಕಟ್ಟಿದ್ದು. ಇದೂ ಬ್ರೌಸರ್‌ನಲ್ಲೇ ಓಡುತ್ತದೆ, ಇಂಟರ್ನೆಟ್ ಇಲ್ಲದ ಜಾಗಕ್ಕೆ ಇಳಿಸಿಕೊಂಡೂ ಹೋಗಬಹುದು. ಸಾಫ್ಟ್ ಕಂಪೈಲ್ ಎನ್ನುವ ಸೌಲಭ್ಯ ಇದರ ಜೀವಾಳ. ಡ್ರಾ ಒಳಗೆ ಮಾತ್ರ ತಿದ್ದಿದ್ದರೆ ಅದು ಡ್ರಾ ಒಂದನ್ನೇ ಬದಲಿಸುತ್ತದೆ, ಸೆಟಪ್ ಮುಟ್ಟುವುದಿಲ್ಲ. ಹಕ್ಕಿಗಳು ಹಾರುತ್ತಿದ್ದಲ್ಲೇ ಬಣ್ಣ ಕೆಂಪಾಗುತ್ತದೆ. ಇದರ ಲಾಭ ಸಿಗಬೇಕಾದರೆ ಕೋಡ್ ಬರೆಯುವ ಕ್ರಮವನ್ನೂ ಸ್ವಲ್ಪ ಬದಲಿಸಿಕೊಳ್ಳಬೇಕು. ಪ್ರದರ್ಶನದಲ್ಲಿ ಯಾವುದನ್ನು ತಿದ್ದುತ್ತೀರೋ ಅದೆಲ್ಲ ಡ್ರಾ ಒಳಗೆ ಅಥವಾ ಅದು ಕರೆಯುವ ಸಣ್ಣ ಫಂಕ್ಷನ್‌ಗಳ ಒಳಗೆ ಇರಲಿ. ಉಳಿಯಬೇಕಾದ್ದು ಹೊರಗೆ ಇರಲಿ. ನಾನು ಈಗ ಹಕ್ಕಿಯ ಬಣ್ಣ, ವೇಗ, ಗುಂಪುಗೂಡುವ ಆಸೆ, ಮೂರಕ್ಕೂ ಬೇರೆ ಬೇರೆ ಫಂಕ್ಷನ್ ಇಟ್ಟಿದ್ದೇನೆ.

ಪಿ5ಲೈವ್‌ನಲ್ಲಿ ಒಂದೇ ಕೋಡನ್ನು ಹಲವರು ಒಟ್ಟಿಗೆ ತಿದ್ದಬಹುದು. ಲಿಂಕ್ ಕಳಿಸಿದರೆ ಸಾಕು, ಮೈಸೂರಿನಿಂದ ಒಬ್ಬರು, ಮಸ್ಕತ್‌ನಿಂದ ಒಬ್ಬರು ಅದೇ ಚಿತ್ರದ ಮೇಲೆ ಕೂರಬಹುದು. ತರಗತಿಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಒಂದು ಎಚ್ಚರ: ಮುಗಿಯದ ಲೂಪ್ ಬರೆದರೆ ಬ್ರೌಸರ್‌ನ ಆ ಟ್ಯಾಬ್ ನಿಂತೇ ಹೋಗಬಹುದು. ಟೈಪ್ ಮಾಡುತ್ತಿದ್ದ ಹಾಗೇ ಓಡುವ ವ್ಯವಸ್ಥೆಯಲ್ಲಿ ಇದು ಜಾಸ್ತಿ, ಏಕೆಂದರೆ ಲೂಪ್ ಅರ್ಧ ಬರೆದಾಗಲೇ ಅದು ಓಡಿಬಿಡಬಹುದು. ಲೂಪ್ ಬರೆಯುವ ಮುಂಚೆ ಆ ಆಯ್ಕೆ ಆಫ್ ಮಾಡಿ.

ಎರಡನ್ನೂ ಒಟ್ಟಿಗೆ

ಹೈಡ್ರಾ ಸೈಟಿನೊಳಗೇ ಪಿ5 ಕರೆಯಬಹುದು ಎನ್ನುವುದು ಹೆಚ್ಚು ಜನರಿಗೆ ಗೊತ್ತಿಲ್ಲ. ಒಂದು ಸಾಲಿನಲ್ಲಿ ಹೊಸ ಪಿ5 ಹುಟ್ಟಿಸಿ ಅದಕ್ಕೊಂದು ಹೆಸರಿಡಿ. ಅದರ ಕ್ಯಾನ್ವಾಸನ್ನು ಹೈಡ್ರಾಕ್ಕೆ ಮೂಲವಾಗಿ ಕೊಡಿ. ಈಗ ಹಕ್ಕಿಗಳು ಪಿ5ನಲ್ಲಿ ಹಾರುತ್ತವೆ, ಹೈಡ್ರಾ ಅವನ್ನು ರಂಗೋಲಿಯಾಗಿ ಮಡಚುತ್ತದೆ, ಬಾಲದಂತೆ ಹೊಗೆ ಎಳೆಯುತ್ತದೆ. ಹಕ್ಕಿಗಳ ಡ್ರಾ ಫಂಕ್ಷನ್‌ಗೆ ಓಡುತ್ತಿರುವಾಗಲೇ ಹೊಸ ಕೋಡ್ ಕೊಡಬಹುದು, ಅವುಗಳ ನೆನಪು ಹಾಗೇ ಇರುತ್ತದೆ.

ಇಲ್ಲಿ ಬೆರಳಿಗೆ ಒಂದು ಅಭ್ಯಾಸ ಬೇಕು. ಕಂಟ್ರೋಲ್, ಶಿಫ್ಟ್, ಎಂಟರ್ ಒತ್ತಿದರೆ ಪಿ5 ಹುಟ್ಟಿಸುವ ಸಾಲೂ ಮತ್ತೆ ಓಡುತ್ತದೆ, ಹೊಸ ಪಿ5 ಬರುತ್ತದೆ, ಹಳೆಯ ಹಕ್ಕಿಗಳು ಹೋಗುತ್ತವೆ. ಅದಕ್ಕೆ ಕೋಡಿನ ಭಾಗಗಳ ನಡುವೆ ಖಾಲಿ ಸಾಲು ಬಿಡಿ. ತಿದ್ದಿದ ಭಾಗದ ಮೇಲೆ ಕರ್ಸರ್ ಇಟ್ಟು ಆಲ್ಟ್, ಎಂಟರ್ ಒತ್ತಿ. ಅಷ್ಟೇ ಓಡುತ್ತದೆ. ಪ್ರದರ್ಶನಕ್ಕೆ ನನ್ನ ಆಯ್ಕೆ ಈಗ ಇದೇ. ಸುಮ್ನೆ ಹೇಳುತ್ತಿಲ್ಲ, ನಾಲ್ಕು ವ್ಯವಸ್ಥೆ ಬದಲಿಸಿ ಇಲ್ಲಿಗೆ ಬಂದು ನಿಂತಿದ್ದೇನೆ.

ಶೇಡರ್: ಗಣಿತ ಇಷ್ಟಪಡುವವರಿಗೆ

ಶೇಡರ್ ಎಂದರೆ ಗ್ರಾಫಿಕ್ಸ್ ಚಿಪ್‌ನಲ್ಲಿ ಪರದೆಯ ಪ್ರತಿ ಚುಕ್ಕಿಗೂ ಓಡುವ ಸಣ್ಣ ಪ್ರೋಗ್ರಾಂ. 1920 ಅಡ್ಡ, 1080 ಉದ್ದದ ಪರದೆಯಲ್ಲಿ 20,73,600 ಚುಕ್ಕಿಗಳು. ಸೆಕೆಂಡಿಗೆ 60 ಫ್ರೇಮ್ ಎಂದರೆ ನಿಮ್ಮ ಪ್ರೋಗ್ರಾಂ ಸೆಕೆಂಡಿಗೆ 12 ಕೋಟಿಗೂ ಹೆಚ್ಚು ಸಲ ಓಡುತ್ತದೆ. ಹೈಡ್ರಾ ಒಳಗೆ ಮಾಡುವುದೂ ಇದನ್ನೇ, ನಿಮ್ಮ ಚುಕ್ಕೆ ಸರಪಳಿಯನ್ನು ಶೇಡರ್ ಆಗಿ ಬದಲಿಸಿ ಓಡಿಸುತ್ತದೆ.

ಕಲಿಯಲು ಶೇಡರ್‌ಟಾಯ್ ಸಾಕು. ಇನಿಗೊ ಕಿಲೆಸ್ ಮತ್ತು ಪೋಲ್ ಜೆರೆಮಿಯಾಸ್ 2013ರಲ್ಲಿ ತಂದ ಈ ತಾಣದಲ್ಲಿ ಬೇರೆಯವರ ಕೋಡ್ ತೆರೆದು ಅಲ್ಲೇ ತಿದ್ದಿ ನೋಡಬಹುದು. ಸ್ಪರ್ಧೆಯ ಹುರುಪು ಬೇಕಾದರೆ ಬೊಂಜೊಮ್ಯಾಟಿಕ್ ಎಂಬ ಶೇಡರ್ ಎಡಿಟರ್ ಇದೆ. ಜರ್ಮನಿಯ ಸಾರ್‌ಬ್ರುಕೆನ್‌ನಲ್ಲಿ ಈಸ್ಟರ್ ಹೊತ್ತಿಗೆ ನಡೆಯುವ ರಿವಿಷನ್ ಮೇಳದಲ್ಲಿ ಇಬ್ಬರು ಎದುರುಬದುರು ಕೂತು, ಖಾಲಿ ಪರದೆಯಿಂದ ಶುರು ಮಾಡಿ, 25 ನಿಮಿಷದಲ್ಲಿ ಶೇಡರ್ ಬರೆಯುತ್ತಾರೆ. ಜನ ಕೂಗಿ ಹುರಿದುಂಬಿಸುತ್ತಾರೆ. ಬೊಂಜೊಮ್ಯಾಟಿಕ್‌ನಲ್ಲಿ ಕೋಡ್ ಕಂಪೈಲ್ ಆಗದಿದ್ದರೆ ಹಳೆಯ ಶೇಡರ್ ಓಡುತ್ತಲೇ ಇರುತ್ತದೆ.

ಶೇಡರ್ ಭಾಷೆ ಕಟ್ಟುನಿಟ್ಟು. ಬ್ರೌಸರ್‌ನಲ್ಲಿ ದಶಮಾಂಶ ಬೇಕಾದ ಕಡೆ 1 ಎಂದು ಬರೆದರೆ ತಪ್ಪು ಬರುತ್ತದೆ, 1.0 ಎಂದೇ ಬರೆಯಬೇಕು. ಮೊದಲ ವಾರ ಈ ಚುಕ್ಕೆಯೇ ಎಲ್ಲರನ್ನೂ ಕಾಡುತ್ತದೆ. ಅತಿ ಭಾರದ ಲೂಪ್ ಬರೆದರೆ ಚಿಪ್‌ಗೇ ಉಸಿರು ಕಟ್ಟುತ್ತದೆ. ಗ್ರಾಫಿಕ್ಸ್ ಚಿಪ್ 2 ಸೆಕೆಂಡು ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನೇ ರೀಸೆಟ್ ಮಾಡುತ್ತದೆ. ಆಗ ಚಿತ್ರವೂ ಹೋಗುತ್ತದೆ.

ನೆನಪಿಲ್ಲದ ಚಿತ್ರದಲ್ಲಿ ಒಂದು ತೊಡಕು ಇದೆ, ಇದು ಹೈಡ್ರಾಕ್ಕೂ ಅನ್ವಯ. ತಿರುಗುವ ಚಕ್ರ ಬರೆದಿದ್ದೀರಿ, ಅದರ ಕೋನ ಎಂದರೆ ಕಳೆದ ಸೆಕೆಂಡುಗಳನ್ನು ವೇಗದಿಂದ ಗುಣಿಸಿದ್ದು. ಹತ್ತು ನಿಮಿಷ ಓಡಿದೆ, ಅಂದರೆ 600 ಸೆಕೆಂಡು. ವೇಗ ಸೆಕೆಂಡಿಗೆ 1.0 ಡಿಗ್ರಿ ಇದ್ದದ್ದನ್ನು 1.1 ಮಾಡಿದಿರಿ. ಗುಣಲಬ್ಧ 600ರಿಂದ 660ಕ್ಕೆ ಹಾರಿತು. ಚಕ್ರ ನಿಧಾನವಾಗಿ ಜೋರಾಗುವ ಬದಲು ಗಕ್ಕನೆ ಬೇರೆಲ್ಲೋ ನಿಲ್ಲುತ್ತದೆ. ಬೆಳಗ್ಗೆ ಅಭ್ಯಾಸ ಮಾಡುವಾಗ ಗಡಿಯಾರ 20 ಸೆಕೆಂಡಿನಲ್ಲಿತ್ತು, ಆಗ ಹಾರಿದ್ದು ಬರೀ 2 ಡಿಗ್ರಿ. ಕಣ್ಣಿಗೆ ಬಿದ್ದಿರಲಿಲ್ಲ. ಸಂಜೆ ಜನರ ಮುಂದೆ ಮಾತ್ರ ಎದ್ದು ಕಾಣುತ್ತದೆ. ಪಿ5ನಲ್ಲಿ ಪ್ರತಿ ಫ್ರೇಮಿಗೂ ಕೋನಕ್ಕೆ ಸ್ವಲ್ಪ ಸ್ವಲ್ಪ ಕೂಡಿಸುತ್ತಾ ಹೋಗುವುದರಿಂದ ಈ ತೊಂದರೆ ಇಲ್ಲ. ವೇಗವನ್ನು ನುಣುಪಾಗಿ ಏರಿಸುವುದು ನಿಮ್ಮ ಪ್ರದರ್ಶನದ ಮುಖ್ಯ ಭಾಗವಾದರೆ ನೆನಪಿರುವ ಸಾಧನವನ್ನೇ ಹಿಡಿಯಿರಿ.

ಟಚ್‌ಡಿಸೈನರ್ ಮತ್ತು ಉಳಿದವು

ಟೊರೊಂಟೊದ ಡೆರಿವೇಟಿವ್ ಕಂಪನಿಯ ಟಚ್‌ಡಿಸೈನರ್‌ನಲ್ಲಿ ಕೋಡ್ ಬದಲು ಪೆಟ್ಟಿಗೆಗಳನ್ನು ತಂತಿಯಿಂದ ಜೋಡಿಸುತ್ತೀರಿ. ನಿಲ್ಲಿಸುವುದು, ಓಡಿಸುವುದು ಎಂಬ ಭೇದವೇ ಇಲ್ಲ, ಅದು ಯಾವಾಗಲೂ ಓಡುತ್ತಿರುತ್ತದೆ. ಪ್ರತಿ ಪೆಟ್ಟಿಗೆಯೊಳಗೂ ಆ ಹಂತದ ಚಿತ್ರ ಕಾಣುತ್ತದೆ. ಬೇಕೆಂದಲ್ಲಿ ಪೈಥಾನ್, ಶೇಡರ್ ಎರಡನ್ನೂ ಸೇರಿಸಬಹುದು. ಹಲವು ಪ್ರೊಜೆಕ್ಟರ್, ಸೆನ್ಸರ್, ಎಲ್‌ಇಡಿ ಗೋಡೆ ಎಲ್ಲವನ್ನೂ ಒಟ್ಟಿಗೆ ನಡೆಸುವವರು ಇದನ್ನು ಬಿಟ್ಟು ಬೇರೆ ನೋಡಬೇಕಿಲ್ಲ. ಆದರೆ ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಮಾತ್ರ ಓಡುತ್ತದೆ, ಲಿನಕ್ಸ್ ಇಲ್ಲ. ಉಚಿತ ಆವೃತ್ತಿಯಲ್ಲಿ ಚಿತ್ರದ ಅಳತೆ 1280ಕ್ಕೆ 1280 ದಾಟುವುದಿಲ್ಲ, ದುಡ್ಡು ತರುವ ಕೆಲಸಕ್ಕೆ ಅದನ್ನು ಬಳಸುವ ಹಾಗೂ ಇಲ್ಲ. ನೋಡುವವರು ಕೋಡ್ ಓದುತ್ತಾ ಕೂರುವ ಆ ಖುಷಿಯೂ ತಂತಿಗಳಲ್ಲಿ ಸಿಗುವುದಿಲ್ಲ.

ಪ್ರೊಸೆಸಿಂಗ್‌ನ 3ನೇ ಆವೃತ್ತಿಯಿಂದ ಟ್ವೀಕ್ ಎಂಬ ಮೋಡ್ ಇದೆ. ಓಡುತ್ತಿರುವಾಗ ಸಂಖ್ಯೆಗಳನ್ನು ಎಳೆದು ಬದಲಿಸಬಹುದು, ಹೊಸ ಸಾಲು ಸೇರಿಸಲಾಗದು. ಬಣ್ಣ, ಅಳತೆ ಹದ ಮಾಡಲು ಸಾಕು. ಕ್ಲೋಜರ್ ಭಾಷೆ ಬಲ್ಲವರಿಗೆ ಆ ಭಾಷೆಯಲ್ಲೇ ಚಿತ್ರ ಬಿಡಿಸುವ ಕ್ವಿಲ್ ಇದೆ. ಓಡುತ್ತಿರುವ ಪ್ರೋಗ್ರಾಂನಲ್ಲಿ ಒಂದು ಫಂಕ್ಷನ್ ತೆಗೆದು ಇನ್ನೊಂದು ಇಡುವುದು ಕ್ಲೋಜರ್ ಸೇರಿದ ಲಿಸ್ಪ್ ಭಾಷೆಗಳ ಮನೆತನದ ಹಳೆಯ ವಿದ್ಯೆ, ಅಲ್ಲಿ ಅದು ಸಹಜವಾಗಿ ಬರುತ್ತದೆ. ಚಿತ್ರಕ್ಕಾಗಿಯೇ ಕ್ಲೋಜರ್ ಕಲಿಯಿರಿ ಎಂದು ಮಾತ್ರ ನಾನು ಹೇಳುವುದಿಲ್ಲ.

ಆಟಮ್ ಎಡಿಟರ್‌ನ ಒಳಗೆ ಕೂರುವ ಪ್ಲಗಿನ್‌ಗಳ ಬಗ್ಗೆ ಹಳೆಯ ಪಾಠಗಳು ಇನ್ನೂ ಸಿಗುತ್ತವೆ. ಆಟಮ್ 2022ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಹೊಸದಾಗಿ ಶುರು ಮಾಡುವವರು ಆ ದಾರಿಗೆ ಹೋಗಬೇಡಿ.

ಲ್ಯಾಪ್‌ಟಾಪ್, ದನಿ, ಕಣ್ಣು

ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲೂ ಹೈಡ್ರಾ ನಡೆಯುತ್ತದೆ. ತಡವರಿಸಿದರೆ ಅಳತೆ ಇಳಿಸಿ. 1280ಕ್ಕೆ 720 ಮಾಡಿದರೆ ಚುಕ್ಕಿಗಳ ಸಂಖ್ಯೆ 9,21,600, ಅಂದರೆ ಅರ್ಧಕ್ಕಿಂತಲೂ ಕಡಿಮೆ ಕೆಲಸ. ಗೋಡೆಯ ಮೇಲೆ ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ. ಪಿ5ನಲ್ಲಿ ಪಿಕ್ಸೆಲ್ ಡೆನ್ಸಿಟಿ 1 ಎಂದು ಬರೆಯಿರಿ. ಇಲ್ಲದಿದ್ದರೆ ಕೆಲವು ಹೊಸ ಪರದೆಗಳಲ್ಲಿ ಅದು ನಾಲ್ಕು ಪಟ್ಟು ಚುಕ್ಕಿ ಬಿಡಿಸುತ್ತಾ ಕೂರುತ್ತದೆ. ಚಾರ್ಜರ್ ಹಾಕಿಯೇ ಇರಲಿ, ಬ್ಯಾಟರಿ ಉಳಿಸುವ ಮೋಡ್ ಫ್ರೇಮ್‌ಗಳನ್ನು ತಿನ್ನುತ್ತದೆ.

ದನಿಗೆ ಚಿತ್ರ ಕುಣಿಯಬೇಕಾದರೆ ಹೈಡ್ರಾ ಮೈಕ್‌ನಿಂದ ಕೇಳಿಸಿಕೊಂಡು ಅದನ್ನು ತಗ್ಗಿನಿಂದ ಏರಿನವರೆಗೆ ನಾಲ್ಕು ಭಾಗ ಮಾಡಿ ಕೊಡುತ್ತದೆ. ತಬಲಾದ ಬಾಯಾ ಮೊದಲ ಭಾಗದಲ್ಲಿ ಚೆನ್ನಾಗಿ ಸಿಗುತ್ತದೆ. ಸಂಗೀತವನ್ನೂ ನೀವೇ ಕೋಡ್ ಮಾಡುವವರಾದರೆ ಸ್ಟ್ರೂಡಲ್ ನೋಡಿ. ಅದೂ ಬ್ರೌಸರ್‌ನಲ್ಲೇ, ಅದರೊಳಗಿಂದಲೇ ಹೈಡ್ರಾ ಕರೆಯಬಹುದು. ತಾಳ ಮತ್ತು ಚಿತ್ರ ಒಂದೇ ಪುಟದಲ್ಲಿ.

ಯಾವ ಸಾಧನ ಹಿಡಿದರೂ ಮಿಂಚಿನ ಹಾಗೆ ಪರದೆ ಹೊಳೆಸುವಾಗ ಜೋಪಾನ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಹೊಳೆಯಬಾರದು ಎನ್ನುವುದು ವೆಬ್‌ನ ಸುಗಮ ಬಳಕೆಯ ನಿಯಮಗಳಲ್ಲಿದೆ. ಅದಕ್ಕಿಂತ ಜಾಸ್ತಿಯಾದರೆ ಕೆಲವರಿಗೆ ಮೂರ್ಛೆ ಬರಬಹುದು. ಹೈಡ್ರಾದಲ್ಲಿ ಒಂದು ಸೊನ್ನೆ ಹೆಚ್ಚಾದರೆ ಸಾಕು, ಇಂಥ ಮಿಂಚು ಬಂದುಬಿಡುತ್ತದೆ.

ಕನ್ನಡ ಅಕ್ಷರ ಹಾರಿಸಬೇಕೆ?

ಇಲ್ಲಿ ಆಯ್ಕೆ ಬೇಗ ಮುಗಿಯುತ್ತದೆ. ಹೈಡ್ರಾ ತಾನಾಗಿ ಅಕ್ಷರ ಬರೆಯುವುದಿಲ್ಲ, ಶೇಡರ್‌ನಲ್ಲಿ ಬರೆಯುವುದು ದೊಡ್ಡ ಸಾಹಸ. ಪಿ5 ಹಿಡಿಯಿರಿ, ಬೇಕಾದರೆ ಹೈಡ್ರಾದ ಒಳಗಿನ ಪಿ5. ಅಲ್ಲಿಯೂ ಎರಡು ಮಾತು ನೆನಪಿರಲಿ.

ಮೊದಲನೆಯದು ಫಾಂಟ್. ಪಿ5ನ 1ನೇ ಸರಣಿಯ ಆವೃತ್ತಿಗಳಲ್ಲಿ ಫಾಂಟ್ ಫೈಲನ್ನು ಲೋಡ್ ಮಾಡಿ ಬಳಸಿದರೆ ಒತ್ತಕ್ಷರ ಒಡೆಯುತ್ತದೆ. ಅಲ್ಲಿ ಫಾಂಟ್ ಫೈಲಿನಿಂದ ಅಕ್ಷರ ಬಿಡಿಸುವ ಲೈಬ್ರರಿಗೆ ಕನ್ನಡದ ಒತ್ತುಗಳನ್ನು ಜೋಡಿಸಲು ಬರುವುದಿಲ್ಲ. ಫೈಲ್ ಬಿಟ್ಟು, ಕಂಪ್ಯೂಟರಿನಲ್ಲಿ ಇರುವ ಕನ್ನಡ ಫಾಂಟಿನ ಹೆಸರು ಮಾತ್ರ ಕೊಡಿ. ಆಗ ಜೋಡಿಸುವ ಕೆಲಸ ಬ್ರೌಸರ್‌ನದು, ಅದು ಸರಿಯಾಗಿ ಮಾಡುತ್ತದೆ.

ಎರಡನೆಯದು ಲೆಕ್ಕ. ಕನ್ನಡ ಎಂಬ ಪದದಲ್ಲಿ ನಮ್ಮ ಕಣ್ಣಿಗೆ ಮೂರು ಅಕ್ಷರ. ಜಾವಾಸ್ಕ್ರಿಪ್ಟ್ ಎಣಿಸಿದರೆ ಐದು: ಕ, ನ, ಒಂದು ಹಲಂತ ಚಿಹ್ನೆ (್), ಇನ್ನೊಂದು ನ, ಕೊನೆಗೆ ಡ. ಪದವನ್ನು ಹಾಗೇ ಒಡೆದು ಒಂದೊಂದನ್ನೂ ಒಂದೊಂದು ದಿಕ್ಕಿಗೆ ಹಾರಿಸಿದರೆ ಹಲಂತ ಚಿಹ್ನೆಯೊಂದು ಒಂಟಿಯಾಗಿ ತೇಲುತ್ತದೆ, ಒತ್ತು ಇರುವುದೇ ಇಲ್ಲ. ಪ್ರದರ್ಶನಕ್ಕೆ ಬೇಕಾದ ಪದಗಳನ್ನು ಮೊದಲೇ ಕೈಯಾರೆ ಒಡೆದು ಪಟ್ಟಿ ಮಾಡಿಟ್ಟುಕೊಳ್ಳಿ. ಕ ಒಂದು, ನ್ನ ಒಂದು, ಡ ಒಂದು. ಆಗ ಒತ್ತು ತನ್ನ ಅಕ್ಷರದ ಜೊತೆಯಲ್ಲೇ ಹಾರುತ್ತದೆ.